ಬೇಕಾಗಿದ್ದಾರೆ: ಲೆಕ್ಕವನ್ನು ಸಂದೇಹಿಸಬಲ್ಲವರು

ವಿಶ್ವವಿದ್ಯಾನಿಲಯಗಳೂ ಸಂಶೋಧನಾಲಯಗಳೂ ಹೊರಡಿಸುವ ಪ್ರಕಟಣೆಗಳಲ್ಲಿ ಒಂದು ಬಗೆಯದು ಈಚಿನ ವರ್ಷಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುತ್ತಿದೆ. ‘ಗಣನಾತ್ಮಕ ಪದಾರ್ಥ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಲು ವಿದ್ಯಾರ್ಥಿಗಳು ಬೇಕಾಗಿದ್ದಾರೆ’ ಎಂಬುದು ಅದರ ಶಿರೋನಾಮೆ. ಅದರ ಕೆಳಗೆ ಭೌತಶಾಸ್ತ್ರದಲ್ಲಿಯೋ ರಸಾಯನಶಾಸ್ತ್ರದಲ್ಲಿಯೋ ಎಂ.ಎಸ್‌ಸಿ. ಪದವಿ, ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಮುಂತಾದ ಮಾಮೂಲಿ ಷರತ್ತುಗಳು. ಆಮೇಲೆ ಎರಡು ಮೂರು ಗಣಕ ಪ್ರೋಗ್ರಾಮುಗಳ ಹೆಸರು; ಅವುಗಳನ್ನು ನಡೆಸಿ ಅನುಭವವುಳ್ಳವರಿಗೆ ಆದ್ಯತೆ ಎಂಬ ಒಂದು ಮಾತು. ಬಹುಪಾಲು ಪ್ರಕಟಣೆಗಳು ಅಲ್ಲಿಗೆ ಮುಗಿಯುತ್ತವೆ.

ಇದನ್ನು ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಏನು ಮೂಡುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಣಕಯಂತ್ರದಲ್ಲಿ ಒಲವಿರುವವನು, ‘ಯಂತ್ರದ ಮುಂದೆ ಕುಳಿತು ಮಾಡುವ ಕೆಲಸವೇ ಆದರೆ ಕಂಪನಿಯಲ್ಲಿಯೇ ಮಾಡಬಹುದಲ್ಲ, ಸಂಬಳವಾದರೂ ಹೆಚ್ಚು’ ಎಂದುಕೊಳ್ಳುತ್ತಾನೆ. ಭೌತಶಾಸ್ತ್ರದಲ್ಲಿ ಒಲವಿರುವವಳು, ‘ಇದು ಭೌತಶಾಸ್ತ್ರವಲ್ಲ, ಯಂತ್ರದ ಚಾಕರಿ’ ಎಂದು ಪುಟ ತಿರುವುತ್ತಾಳೆ. ಇವರಿಬ್ಬರೂ ಹೊರಟುಹೋದ ಮೇಲೆ ಉಳಿಯುವವರು, ಯಾವುದೋ ಹತ್ತು ದಿನದ ಶಿಬಿರದಲ್ಲಿ ಆ ಪ್ರೋಗ್ರಾಮನ್ನು ನಡೆಸಲು ಕಲಿತು ಪ್ರಮಾಣಪತ್ರ ಪಡೆದವರು. ಸ್ಥಾನ ಅವರಿಗೆ ದೊರೆಯುತ್ತದೆ. ಅವರಲ್ಲಿ ಚತುರರಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಆರಿಸುವ ಜರಡಿಯ ಕಣ್ಣೇ ಸರಿಯಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಈ ಶಾಸ್ತ್ರದಲ್ಲಿ ಬೇಕಾದುದು ಯಂತ್ರದಿಂದ ಉತ್ತರವನ್ನು ಹೊರಡಿಸುವ ಅಭ್ಯಾಸವಲ್ಲ. ಹೊರಟ ಉತ್ತರವನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವ ಶಕ್ತಿ. ಅದಕ್ಕೆ ಭೌತಶಾಸ್ತ್ರ ಬೇಕು, ಅದೂ ಚೆನ್ನಾಗಿಯೇ ಬೇಕು. ಹೇಗೆಂಬುದನ್ನು ತಿಳಿಯಲು ಈ ಶಾಸ್ತ್ರ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಕಬ್ಬಿಣ ಏಕೆ ಗಟ್ಟಿ? ತಾಮ್ರದಲ್ಲಿ ವಿದ್ಯುತ್ತು ಹರಿಯುವುದು, ವಜ್ರದಲ್ಲಿ ಹರಿಯದಿರುವುದು ಏಕೆ? ಇಂತಹ ಪ್ರಶ್ನೆಗಳಿಗೆಲ್ಲ ಉತ್ತರವಡಗಿರುವುದು ಆ ವಸ್ತುವಿನೊಳಗಿನ ಇಲೆಕ್ಟ್ರಾನುಗಳ ನಡವಳಿಕೆಯಲ್ಲಿ. ಆ ನಡವಳಿಕೆಯ ನಿಯಮವನ್ನು ಷ್ರೋಡಿಂಗರ್ 1926ರಲ್ಲಿಯೇ ಸಮೀಕರಣವಾಗಿ ಬರೆದುಕೊಟ್ಟರು. 1929ರಲ್ಲಿ ಡಿರಾಕ್ ಒಂದು ಪ್ರಬಂಧದಲ್ಲಿ, ಭೌತಶಾಸ್ತ್ರದ ಬಹುಭಾಗಕ್ಕೂ ರಸಾಯನಶಾಸ್ತ್ರಕ್ಕೆಲ್ಲ ಬೇಕಾದ ಮೂಲ ನಿಯಮಗಳು ಪೂರ್ಣವಾಗಿ ತಿಳಿದಂತಾಯಿತು, ಉಳಿದಿರುವ ತೊಡಕು ಆ ಸಮೀಕರಣಗಳನ್ನು ಬಿಡಿಸುವುದೊಂದೇ, ಎಂಬರ್ಥದ ಮಾತನ್ನಾಡಿದರು. ಆ ‘ಒಂದೇ’ ತೊಡಕು ಎಷ್ಟು ದೊಡ್ಡದೆಂಬುದನ್ನು ವಾಚಕರು ಒಂದು ಕಾಗದದ ಮೇಲೆ ತಾವೇ ಲೆಕ್ಕಹಾಕಿ ನೋಡಬಹುದು. ಕಬ್ಬಿಣದ ಒಂದೇ ಒಂದು ಪರಮಾಣುವನ್ನು ತೆಗೆದುಕೊಳ್ಳಿ. ಅದರಲ್ಲಿ 26 ಇಲೆಕ್ಟ್ರಾನುಗಳಿವೆ. ಒಂದೊಂದರ ಸ್ಥಾನವನ್ನು ಹೇಳಲು ಮೂರು ಅಳತೆಗಳು ಬೇಕು, ಒಟ್ಟು 78. ಒಂದೊಂದು ಅಳತೆಗೂ ಬರಿಯ ಹತ್ತು ಬೆಲೆಗಳನ್ನಷ್ಟೇ ಇಟ್ಟುಕೊಂಡು ಸಮೀಕರಣದ ಉತ್ತರವನ್ನು ಕೋಷ್ಟಕವಾಗಿ ಬರೆಯಹೊರಟರೆ, ಆ ಕೋಷ್ಟಕದಲ್ಲಿ ಒಂದರ ಮುಂದೆ 78 ಸೊನ್ನೆಗಳಿಟ್ಟಷ್ಟು ಸಂಖ್ಯೆಗಳಿರುತ್ತವೆ. ನಮಗೆ ಕಾಣುವ ವಿಶ್ವದಲ್ಲೆಲ್ಲ ಇರುವ ಪರಮಾಣುಗಳು, ಸ್ಥೂಲವಾಗಿ ಹೇಳುವುದಾದರೆ, ಒಂದರ ಮುಂದೆ 80 ಸೊನ್ನೆಗಳಷ್ಟು. ಒಂದು ಪರಮಾಣುವಿನ ಮೇಲೆ ಒಂದು ಸಂಖ್ಯೆಯಂತೆ ಬರೆಯುತ್ತ ಹೋದರೂ ವಿಶ್ವದ ನೂರರಲ್ಲೊಂದು ಪಾಲು ಈ ಕೋಷ್ಟಕಕ್ಕೇ ವೆಚ್ಚವಾದೀತು. ಇದು ಒಂದು ಪರಮಾಣುವಿನ ಕಥೆ. ಒಂದು ಗ್ರಾಂ ಕಬ್ಬಿಣದಲ್ಲಿ ಒಂದರ ಮುಂದೆ 22 ಸೊನ್ನೆಗಳಷ್ಟು ಪರಮಾಣುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ ಗಣಕಯಂತ್ರ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲದು. ಇಂತಹ ಕೋಷ್ಟಕದ ಮುಂದೆ ಅದೂ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಯಂತ್ರದ ವೇಗವನ್ನು ಹೆಚ್ಚಿಸಿ ದಾಟಬಹುದಾದ ಹೊಳೆ ಇದಲ್ಲ.

ದಾಟುವ ದಾರಿಯನ್ನು ತೋರಿಸಿದವರು ವಾಲ್ಟರ್ ಕೋನ್. 1923ರಲ್ಲಿ ವಿಯೆನ್ನಾ ನಗರದ ಯಹೂದಿ ಮನೆತನವೊಂದರಲ್ಲಿ ಹುಟ್ಟಿದ ಇವರನ್ನು ನಾಟ್ಸಿಗಳ ಕೈಯಿಂದ ಪಾರುಮಾಡಲು 1939ರಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿಂದ ಶತ್ರುದೇಶದವರೆಂಬ ನೆಪದಲ್ಲಿ ಕೆನಡಾದ ಬಂಧನ ಶಿಬಿರಕ್ಕೆ. ತಂದೆ ತಾಯಿಗಳು ಆಶ್ವಿಟ್ಸ್‌ನಲ್ಲಿ ಬಲಿಯಾದರು. ಇಂತಹ ಬಾಳನ್ನು ಹಾದುಬಂದ ಕೋನ್, 1964ರಲ್ಲಿ ಹೋಹೆನ್‌ಬರ್ಗರೊಡನೆಯೂ 1965ರಲ್ಲಿ ಶ್ಯಾಮ್ ಎಂಬ, ಹಾಂಗ್‌ಕಾಂಗಿನಲ್ಲಿ ಹುಟ್ಟಿದ ವಿಜ್ಞಾನಿಯೊಡನೆಯೂ ಬರೆದ ಎರಡು ಪ್ರಬಂಧಗಳು ಈ ಶಾಸ್ತ್ರದ ತಳಹದಿ.

ಅವರು ಕಂಡುಕೊಂಡ ಉಪಾಯವನ್ನು ಹೀಗೆ ವಿವರಿಸಬಹುದು. ದೊಡ್ಡ ಜಾತ್ರೆಯೊಂದು ಸೇರಿದೆ ಎನ್ನಿ. ಯಾವ ಯಾವ ವ್ಯಕ್ತಿ ಯಾವ ಯಾವ ಹೊತ್ತಿನಲ್ಲಿ ಎಲ್ಲೆಲ್ಲಿದ್ದ, ಯಾರನ್ನು ಕಂಡು ಪಕ್ಕಕ್ಕೆ ಸರಿದ ಎಂದು ಬರೆದಿಡುವುದು ಆಗದ ಮಾತು. ಆದರೆ ರಥಬೀದಿಯಲ್ಲಿ ಎಷ್ಟು ದಟ್ಟಣೆ, ಕೆರೆಯ ದಂಡೆಯಲ್ಲಿ ಎಷ್ಟು, ಮಿಠಾಯಿ ಅಂಗಡಿಗಳ ಮುಂದೆ ಎಷ್ಟು ಎಂಬ ಒಂದೇ ನಕ್ಷೆಯನ್ನು ಬರೆಯಬಹುದು. ಇಲೆಕ್ಟ್ರಾನುಗಳ ವಿಷಯದಲ್ಲಿ, ಅತಿ ಕಡಮೆ ಶಕ್ತಿಯ ಸ್ಥಿತಿಗೆ ಸಂಬಂಧಿಸಿದಂತೆ, ಈ ದಟ್ಟಣೆಯ ನಕ್ಷೆಯೊಂದೇ ಸಾಕು, ಉಳಿದುದೆಲ್ಲ ಅದರಲ್ಲಿಯೇ ಅಡಗಿದೆ ಎಂದು ಕೋನ್ ಮತ್ತು ಹೋಹೆನ್‌ಬರ್ಗ್ ಗಣಿತದಿಂದ ಸಿದ್ಧಪಡಿಸಿದರು. 78 ಅಳತೆಗಳ ಜಾಗದಲ್ಲಿ ಮೂರೇ ಅಳತೆಗಳು! ಜಾತ್ರೆಯ ಉಪಮಾನ ಇಲ್ಲಿಗೇ ನಿಲ್ಲಬೇಕು. ಜನರ ದಟ್ಟಣೆಯಿಂದ ಅವರ ಮನಸ್ಸನ್ನು ಓದಲಾಗದು, ಇಲೆಕ್ಟ್ರಾನುಗಳದನ್ನು ಓದಬಹುದು ಎಂಬುದೇ ಈ ಸಿದ್ಧಾಂತದ ವಿಸ್ಮಯ. 1998ರಲ್ಲಿ ಕೋನ್ ಅವರಿಗೆ ನೊಬೆಲ್ ಪಾರಿತೋಷಿಕ ಸಂದಿತು, ರಸಾಯನಶಾಸ್ತ್ರದಲ್ಲಿ.

ಆದರೆ ಈ ಉಪಾಯಕ್ಕೆ ಒಂದು ಬೆಲೆಯಿದೆ. ದಟ್ಟಣೆಯಿಂದ ಶಕ್ತಿಯನ್ನು ಲೆಕ್ಕಹಾಕುವ ಸೂತ್ರ ಇದ್ದೇ ಇದೆಯೆಂದು ಸಿದ್ಧಾಂತ ಹೇಳುತ್ತದೆಯೇ ಹೊರತು ಅದು ಯಾವುದೆಂದು ಹೇಳುವುದಿಲ್ಲ. ಇಲೆಕ್ಟ್ರಾನುಗಳು ಒಂದನ್ನೊಂದು ಬಿಟ್ಟು ಸರಿಯುವುದರಿಂದ ಉಂಟಾಗುವ ಶಕ್ತಿಯ ಸಣ್ಣ ಪಾಲೊಂದನ್ನು ನಾವು ಅಂದಾಜಿನಿಂದಲೇ ತುಂಬಬೇಕು. ಆ ಅಂದಾಜು ಯಾವಾಗ ಸಾಲುತ್ತದೆ, ಯಾವಾಗ ಸಾಲದು ಎಂಬುದನ್ನು ಯಂತ್ರ ಅರಿಯದು. ನಮ್ಮ ವಾದವೆಲ್ಲ ನಿಂತಿರುವುದು ಈ ಮೊಳೆಯ ಮೇಲೆ.

ಕಬ್ಬಿಣದ ಉದಾಹರಣೆಯನ್ನೇ ಮುಂದುವರಿಸೋಣ. ಕಬ್ಬಿಣ ಅಯಸ್ಕಾಂತವಾಗುತ್ತದೆ ಎಂಬುದು ಮಾಧ್ಯಮಿಕ ಶಾಲೆಯ ಹುಡುಗನಿಗೂ ಗೊತ್ತು. ಅದರ ಸ್ಫಟಿಕದಲ್ಲಿ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿಯೂ ನಟ್ಟನಡುವೆಯೂ ಕುಳಿತಿರುತ್ತವೆ ಎಂಬುದನ್ನು ಎಕ್ಸ್-ಕಿರಣಗಳಿಂದ ಬಹಳ ಹಿಂದೆಯೇ ತಿಳಿಯಲಾಗಿತ್ತು. 1985ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು, ಅಂದು ಬಳಕೆಯಲ್ಲಿದ್ದ ಅತ್ಯಂತ ಸರಳವಾದ ಅಂದಾಜನ್ನು ಹಿಡಿದು, ಯಾವ ಉಪೇಕ್ಷೆಯನ್ನೂ ಮಾಡದೆ ಕಬ್ಬಿಣದ ಶಕ್ತಿಯನ್ನು ಲೆಕ್ಕಹಾಕಿದರು. ಬಂದ ಉತ್ತರವೇನು? ಪರಮಾಣುಗಳು ಇನ್ನೂ ಒತ್ತಾಗಿ ಜೋಡಿಸಿಕೊಂಡಿರುವ, ಅಯಸ್ಕಾಂತತೆಯೇ ಇಲ್ಲದ ರಚನೆಯೇ ಕಬ್ಬಿಣಕ್ಕೆ ಹೆಚ್ಚು ಹಿತ, ಎಂದು! ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂದಾಜಿನಲ್ಲಿ ಕೊರತೆಯಿತ್ತು. ದಟ್ಟಣೆ ಎಷ್ಟೆಂಬುದರ ಜೊತೆಗೆ ಅದು ಎಷ್ಟು ಬೇಗ ಏರಿಳಿಯುತ್ತದೆ ಎಂಬುದನ್ನೂ ಗಣನೆಗೆ ತೆಗೆದುಕೊಳ್ಳುವ ಹೊಸ ಅಂದಾಜುಗಳು ಬಂದಮೇಲೆ ಕಾಗದದ ಮೇಲಿನ ಕಬ್ಬಿಣವೂ ಕಮ್ಮಾರನ ಕಬ್ಬಿಣವೂ ಒಂದಾದವು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಉತ್ತರ ತಪ್ಪೆಂದು ತಿಳಿದದ್ದು ಕಬ್ಬಿಣ ಎಲ್ಲರ ಕೈಯಲ್ಲಿಯೂ ಇದ್ದುದರಿಂದ. ಇನ್ನೂ ಯಾರೂ ತಯಾರಿಸದ ಹೊಸ ವಸ್ತುವೊಂದರ ಬಗ್ಗೆ ಇದೇ ತಪ್ಪು ಉತ್ತರ ಬಂದಿದ್ದರೆ? ಯಂತ್ರ ಆಗಲೂ ಏಳೆಂಟು ದಶಾಂಶ ಸ್ಥಾನಗಳವರೆಗೆ ಅಂಕಿಗಳನ್ನು ಅಷ್ಟೇ ಗಂಭೀರವಾಗಿ ಅಚ್ಚುಹಾಕಿ ಕೊಡುತ್ತಿತ್ತು.

ಇದಕ್ಕಿಂತ ನಿತ್ಯದ ಉದಾಹರಣೆಯೂ ಉಂಟು. ಸಿಲಿಕಾನಿನಲ್ಲಿ ಇಲೆಕ್ಟ್ರಾನನ್ನು ಬಂಧದಿಂದ ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಶಕ್ತಿ ಸುಮಾರು 1.1 ಇಲೆಕ್ಟ್ರಾನ್-ವೋಲ್ಟು. ಸರಳ ಅಂದಾಜುಗಳಿಂದ ಲೆಕ್ಕಹಾಕಿದರೆ ಬರುವುದು ಅದರ ಹೆಚ್ಚುಕಡಮೆ ಅರ್ಧ. ಜರ್ಮೇನಿಯಮ್ಮಿನಲ್ಲಿ ಆ ಅಂತರ ಬಹುಮಟ್ಟಿಗೆ ಮಾಯವೇ ಆಗಿ, ಮೊದಲ ಟ್ರಾನ್ಸಿಸ್ಟರನ್ನು ಮಾಡಿದ ವಸ್ತು ಟ್ರಾನ್ಸಿಸ್ಟರಿಗೇ ಅನರ್ಹ ಎಂಬಂತಾಗುತ್ತದೆ. ಈ ಸಿದ್ಧಾಂತ ಅತಿ ಕಡಮೆ ಶಕ್ತಿಯ ಸ್ಥಿತಿಯನ್ನು ಕುರಿತದ್ದು, ಇಲೆಕ್ಟ್ರಾನನ್ನು ಮೇಲಕ್ಕೆತ್ತುವ ಪ್ರಶ್ನೆಯನ್ನು ಅದಕ್ಕೆ ಕೇಳುವಾಗ ಎಚ್ಚರ ಬೇಕು ಎಂದು ಅರಿತವನು ಇದರಿಂದ ಬೆಚ್ಚುವುದಿಲ್ಲ. ಬೇರೆ ವಿಧಾನವನ್ನು ಹುಡುಕುತ್ತಾನೆ. ಅರಿಯದವನು ಆ ಅಂಕಿಯನ್ನು ಪ್ರಬಂಧಕ್ಕೆ ಸೇರಿಸುತ್ತಾನೆ.

ಲೆಕ್ಕ ಹಾಕುವುದು ಭೌತಶಾಸ್ತ್ರವೇ ಅಲ್ಲ ಎಂದು ಪುಟ ತಿರುವಿದ ವಿದ್ಯಾರ್ಥಿನಿಗೆ ನಾವು ಬೆಂಗಳೂರಿನಲ್ಲಿಯೇ ನಡೆದ ಒಂದು ಹಳೆಯ ವ್ಯಾಜ್ಯವನ್ನು ನೆನಪಿಸಬೇಕು. ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ 1935ರಲ್ಲಿ ಇಲ್ಲಿಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದರು. ಹರಳಿನೊಳಗಿನ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದರ ಸಿದ್ಧಾಂತವನ್ನು ಕಟ್ಟಿದವರಲ್ಲಿ ಅವರು ಅಗ್ರಗಣ್ಯರು. ಹರಳಿನಲ್ಲಿ ಎಣಿಸಲಾಗದಷ್ಟು ಕಂಪನಾಂಕಗಳು ಒಂದಕ್ಕೊಂದು ಹೊಂದಿಕೊಂಡು ಹರಹಾಗಿ ಇರುತ್ತವೆ ಎಂಬುದು ಅವರ ಮತ. ಮುಂದೆ 1940ರ ದಶಕದಲ್ಲಿ ರಾಮನ್ನರು ಇದನ್ನು ತೀವ್ರವಾಗಿ ಅಲ್ಲಗಳೆದರು. ವಜ್ರದಂತಹ ಹರಳಿನಲ್ಲಿ ಇರುವುದು ಕೆಲವೇ ನಿರ್ದಿಷ್ಟ ಕಂಪನಾಂಕಗಳು ಎಂದು ಸಾರಿದರು. ವಿಜ್ಞಾನ ಮಂದಿರದಲ್ಲಿಯೇ ಆರ್. ಎಸ್. ಕೃಷ್ಣನ್ ಅವರು ವಜ್ರದ ರಾಮನ್ ರೋಹಿತವನ್ನು ಅಪೂರ್ವ ಕೌಶಲದಿಂದ ತೆಗೆದರು. ಅದರಲ್ಲಿ ಸ್ಪಷ್ಟವಾದ ಚೂಪು ಶಿಖರಗಳು ಕಾಣಿಸಿದವು. ರಾಮನ್ನರ ಪಕ್ಷಕ್ಕೆ ಇನ್ನೇನು ಬೇಕು?

ಆಗ ಎಡಿನ್‌ಬರೋದಲ್ಲಿ ಬಾರ್ನ್ ಅವರ ಶಿಷ್ಯೆ ಹೆಲೆನ್ ಸ್ಮಿತ್ ಎಂಬಾಕೆ ವಜ್ರದ ಕಂಪನಗಳನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕಹಾಕಲು ಕುಳಿತರು. ಈ ಲೇಖನದಲ್ಲಿ ನಾವು ಹೇಳುತ್ತಿರುವಂತಹ ಗಣಕಯಂತ್ರಗಳು ಅಂದು ಅವರಿಗೆ ದೊರೆಯುವಂತಿರಲಿಲ್ಲ. 1948ರಲ್ಲಿ ಪ್ರಕಟವಾದ ಆ ಲೆಕ್ಕ ತೋರಿಸಿದ್ದಿಷ್ಟು: ಕಂಪನಾಂಕಗಳು ಹರಹಾಗಿಯೇ ಇದ್ದರೂ ಅವು ಎಲ್ಲೆಡೆಯೂ ಒಂದೇ ಸಮನಾಗಿ ಹಂಚಿಕೆಯಾಗಿರುವುದಿಲ್ಲ, ಕೆಲವೆಡೆ ಒತ್ತಾಗಿ ಗುಂಪುಗೂಡುತ್ತವೆ, ಗುಂಪುಗೂಡಿದಲ್ಲಿ ರೋಹಿತದಲ್ಲಿ ಶಿಖರ ಕಾಣಿಸುತ್ತದೆ. ಎಂದರೆ ಕೃಷ್ಣನ್ನರ ಪ್ರಯೋಗವೂ ಸರಿ, ಬಾರ್ನ್ ಅವರ ಸಿದ್ಧಾಂತವೂ ಸರಿ. ಪ್ರಯೋಗಕ್ಕೂ ಸಿದ್ಧಾಂತಕ್ಕೂ ನಡುವೆ ಬಿದ್ದಿದ್ದ ಕಂದಕಕ್ಕೆ ಸೇತುವೆ ಹಾಕಿದ್ದು ಲೆಕ್ಕ. ಮುಂದೆ ಕೆನಡಾದ ಬ್ರಾಕ್‌ಹೌಸ್ ಮೊದಲಾದವರು ನ್ಯೂಟ್ರಾನುಗಳನ್ನು ಹಾಯಿಸಿ ಹರಳುಗಳ ಕಂಪನಗಳನ್ನು ನೇರವಾಗಿ ಅಳೆದಾಗ ಬಾರ್ನ್ ಪಕ್ಷವೇ ನಿಂತಿತು. ರಾಮನ್ನರು ಮಾತ್ರ ತಮ್ಮ ನಿಲುವನ್ನು ಸಡಿಲಿಸಲಿಲ್ಲ. ಅಂತಹ ಮಹನೀಯರ ವಿಷಯದಲ್ಲಿ ಇದನ್ನು ಹೇಳುವಾಗ ನಮಗೆ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಹೆಲೆನ್ ಸ್ಮಿತ್ ಮಾಡಿದ ಕೆಲಸ ಯಂತ್ರದ ಚಾಕರಿಯೇ ಎಂದು ಈಗ ಆ ವಿದ್ಯಾರ್ಥಿನಿಯೇ ಹೇಳಲಿ.

ನೆರೆಯ ಹೈದರಾಬಾದಿನಲ್ಲಿ 1927ರಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಅವರ ಹೆಸರು ನಮ್ಮ ಕಾಲೇಜುಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ, ಕೇಳಿಬರಬೇಕಾಗಿತ್ತು. ಕೋನ್ ಮತ್ತು ಹೋಹೆನ್‌ಬರ್ಗರ ಪ್ರಬಂಧ ಬಂದ 1964ರಲ್ಲಿಯೇ, ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ರಹಮಾನ್ ಅವರು ಗಣಕಯಂತ್ರದೊಳಗೆ 864 ಆರ್ಗಾನ್ ಪರಮಾಣುಗಳನ್ನು ‘ತುಂಬಿ’, ನ್ಯೂಟನ್ನನ ನಿಯಮದಂತೆ ಅವನ್ನು ಓಡಾಡಿಸಿ, ದ್ರವವೊಂದರ ನಡವಳಿಕೆಯನ್ನು ಪರಮಾಣು ಪರಮಾಣುವಾಗಿ ತೋರಿಸಿದರು. (ಪ್ರಯೋಗಾಲಯಕ್ಕೂ ಅನಿಲಕ್ಕೂ ಕನ್ನಡ ಲಿಪಿಯಲ್ಲಿ ಒಂದೇ ಹೆಸರಾಗಿರುವುದು ಬರಿಯ ಆಕಸ್ಮಿಕ.) ಒಂದು ಲೋಟ ನೀರಿನಲ್ಲಿರುವ ಅಣುಗಳ ಸಂಖ್ಯೆಯ ಮುಂದೆ 864 ಎಂಬುದು ಏನೇನೂ ಅಲ್ಲ. ಹಾಗಿದ್ದೂ ಪರಮಾಣುಗಳು ಹೇಗೆ ಹರಡಿಕೊಳ್ಳುತ್ತವೆ, ಒಂದರ ಸುತ್ತ ಇನ್ನೊಂದು ಎಷ್ಟು ದೂರದಲ್ಲಿರುತ್ತದೆ ಎಂಬ ಅಳತೆಗಳು ಪ್ರಯೋಗದೊಡನೆ ಹೊಂದಿದವು. ಎಷ್ಟು ಪರಮಾಣುಗಳಿದ್ದರೆ ಸಾಕು, ಯಾವ ಪ್ರಶ್ನೆಯನ್ನು ಕೇಳಿದರೆ ಆ ಚಿಕ್ಕ ಗುಂಪು ಸತ್ಯವನ್ನು ಹೇಳುತ್ತದೆ ಎಂಬ ವಿವೇಕ ಅವರದು. ಗಣನಾತ್ಮಕ ಭೌತಶಾಸ್ತ್ರಕ್ಕಾಗಿ ಅಮೆರಿಕದ ಭೌತಶಾಸ್ತ್ರ ಸಂಘ ಕೊಡುವ ಬಹುಮಾನ ಇಂದು ಅವರ ಹೆಸರಿನಲ್ಲಿದೆ.

ಈಗ ಪ್ರಕಟಣೆಗೆ ಹಿಂತಿರುಗೋಣ. ಇಂತಿಂತಹ ಪ್ರೋಗ್ರಾಮನ್ನು ನಡೆಸಿ ಅನುಭವವಿರಬೇಕು ಎಂಬ ಷರತ್ತು ಎಷ್ಟು ದುರ್ಬಲ ಎಂಬುದಕ್ಕೆ ಈ ಶಾಸ್ತ್ರದವರೇ ಸಾಕ್ಷ್ಯ ಒದಗಿಸಿದ್ದಾರೆ. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾನಿಲಯದವರ ಮುಂದಾಳುತನದಲ್ಲಿ ಅರುವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ 71 ಮೂಲವಸ್ತುಗಳ ಹರಳುಗಳನ್ನು 15 ಬೇರೆ ಬೇರೆ ಪ್ರೋಗ್ರಾಮುಗಳಿಂದ ಲೆಕ್ಕಹಾಕಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಎಲ್ಲವೂ ಒಂದೇ ಅಂದಾಜನ್ನು ಬಳಸಿದಾಗ, ಈಚಿನ ಪ್ರೋಗ್ರಾಮುಗಳ ಉತ್ತರಗಳು ಪ್ರಯೋಗದ ಅಳತೆಗಳಲ್ಲಿ ಸಹಜವಾಗಿರುವಷ್ಟೇ ಅಲ್ಪ ಅಂತರದೊಳಗೆ ಪರಸ್ಪರ ಹೊಂದಿಕೊಂಡವು. ಯಾವ ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿದರೂ ತೂಕ ಒಂದೇ ಎಂದು ಸಿದ್ಧವಾದ ಮೇಲೆ, ಇಂತಹವನ ತಕ್ಕಡಿಯಲ್ಲಿ ತೂಗಿ ಬಲ್ಲೆಯಾ ಎಂದು ಕೇಳುವುದರಲ್ಲಿ ಅರ್ಥವೇನಿದೆ? ಕೇಳಬೇಕಾದುದು ಚಿನ್ನವನ್ನು ಗುರುತಿಸಬಲ್ಲೆಯಾ ಎಂದು. ಪ್ರೋಗ್ರಾಮನ್ನು ನಡೆಸಲು ಬುದ್ಧಿವಂತ ವಿದ್ಯಾರ್ಥಿ ಎರಡು ತಿಂಗಳಲ್ಲಿ ಕಲಿಯುತ್ತಾನೆ. ಕ್ವಾಂಟಮ್ ಸಿದ್ಧಾಂತವನ್ನೂ ಉಷ್ಣಗತಿಶಾಸ್ತ್ರವನ್ನೂ ಎರಡು ತಿಂಗಳಲ್ಲಿ ಯಾರೂ ಕಲಿಸಲಾರರು.

ಮಾರ್ಗದರ್ಶಕರ ಕಡೆಯಿಂದಲೂ ಒಂದು ಮಾತಿದೆ, ಅದು ಸುಳ್ಳಲ್ಲ. ಸರ್ಕಾರದ ಹಣದಿಂದ ನಡೆಯುವ ಯೋಜನೆಗೆ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಅಷ್ಟರೊಳಗೆ ಪ್ರಬಂಧಗಳನ್ನು ತೋರಿಸಬೇಕು. ಮೊದಲ ವರ್ಷವನ್ನೆಲ್ಲ ಕಲಿಸುವುದರಲ್ಲಿ ಕಳೆದರೆ ಲೆಕ್ಕ ಒಪ್ಪಿಸುವವರಾರು? ಸಿದ್ಧವಾಗಿ ಬಂದವರೇ ಬೇಕೆಂದು ಅವರು ಬಯಸುವುದು ಸಹಜ. ಆದರೆ ಈ ಸೌಕರ್ಯದ ಬೆಲೆಯನ್ನು ತೆರುವವನು ವಿದ್ಯಾರ್ಥಿ. ಐದು ವರ್ಷ ಒಂದೇ ಪ್ರೋಗ್ರಾಮಿಗೆ ಒಂದರ ಮೇಲೊಂದರಂತೆ ವಸ್ತುಗಳ ಹೆಸರನ್ನು ಉಣಿಸುತ್ತ ಕುಳಿತವನು ಡಾಕ್ಟರೇಟ್ ಪಡೆದು ಹೊರಬಂದಾಗ ಅವನ ಕೈಯಲ್ಲಿ ಏನಿರುತ್ತದೆ?

ಈ ಪ್ರಶ್ನೆ ಇಂದು ಹಿಂದೆಂದಿಗಿಂತಲೂ ತುರ್ತಿನದು. 2023ರ ನವೆಂಬರಿನಲ್ಲಿ ಗೂಗಲ್ ಸಂಸ್ಥೆಯ ಡೀಪ್‌ಮೈಂಡ್ ಶಾಖೆಯವರು, ಕೃತಕ ಬುದ್ಧಿಯ ವಿಧಾನದಿಂದ 22 ಲಕ್ಷ ಹೊಸ ಹರಳುಗಳ ರಚನೆಯನ್ನು ಕಂಡುಹಿಡಿದೆವೆಂದೂ ಅವುಗಳಲ್ಲಿ 3 ಲಕ್ಷ 80 ಸಾವಿರದಷ್ಟು ಸ್ಥಿರವಾದುವೆಂದೂ ಪ್ರಕಟಿಸಿದರು. ಒಂದೊಂದಾಗಿ ವಸ್ತುಗಳನ್ನು ಉಣಿಸುವ ಕೆಲಸ ಅಲ್ಲಿಗೆ ಮುಗಿದಂತೆಯೇ. ಆದರೆ ಮರುವರ್ಷ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ನಗರದ ಇಬ್ಬರು ಪದಾರ್ಥವಿಜ್ಞಾನಿಗಳು, ಆಂಟನಿ ಚೀತಮ್ ಮತ್ತು ರಾಮ್ ಶೇಷಾದ್ರಿ, ಆ ಪಟ್ಟಿಯನ್ನು ಕೈಗೆತ್ತಿಕೊಂಡು ಪರೀಕ್ಷಿಸಿದರು. ಶೇಷಾದ್ರಿಯವರು ಡಾಕ್ಟರೇಟ್ ಪಡೆದದ್ದು ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ, ಸಿ. ಎನ್. ಆರ್. ರಾವ್ ಅವರ ಬಳಿ. ಹೊಸದೂ ನಂಬತಕ್ಕದ್ದೂ ಉಪಯುಕ್ತವೂ ಆದ ವಸ್ತುಗಳು ಅದರಲ್ಲಿವೆ ಎಂಬುದಕ್ಕೆ ತೀರ ಕಡಮೆ ಆಧಾರ ಸಿಕ್ಕಿತೆಂದು ಅವರು ಬರೆದರು. ಪಟ್ಟಿ ತಯಾರಿಸಲು ಯಂತ್ರ ಸಾಕಾಯಿತು. ಪಟ್ಟಿಯನ್ನು ಓದಿ ಹುಬ್ಬೇರಿಸಲು ಹರಳುಗಳೊಡನೆ ಬಾಳಿದ ಮನುಷ್ಯರು ಬೇಕಾದರು.

ಹಾಗೆಂದು ಲೆಕ್ಕದ ಭವಿಷ್ಯವಾಣಿಗಳು ಫಲಿಸುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ಗಂಧಕ ಮತ್ತು ಜಲಜನಕಗಳ ಸಂಯುಕ್ತವೊಂದು ಮಹಾ ಒತ್ತಡದಲ್ಲಿ, 200 ಕೆಲ್ವಿನ್ ಆಸುಪಾಸಿನ ಉಷ್ಣತೆಯಲ್ಲಿಯೂ, ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಹರಿಸೀತೆಂದು ಚೀನಾದ ವಿಜ್ಞಾನಿಗಳು 2014ರಲ್ಲಿ ಲೆಕ್ಕಹಾಕಿ ಹೇಳಿದ್ದರು. 2015ರಲ್ಲಿ ಜರ್ಮನಿಯ ಮೈನ್ಸ್ ನಗರದಲ್ಲಿ ಎರೆಮೆಟ್ಸ್ ಮತ್ತು ಅವರ ಸಂಗಡಿಗರು ವಾಯುಮಂಡಲದ ಹದಿನೈದು ಲಕ್ಷ ಪಟ್ಟು ಒತ್ತಡದಲ್ಲಿ 203 ಕೆಲ್ವಿನ್ ಉಷ್ಣತೆಯ ಅತಿವಾಹಕತೆಯನ್ನು ಪ್ರಕಟಿಸಿದರು. ಲೆಕ್ಕ ಮುಂದೆ ನಡೆದು ಪ್ರಯೋಗಕ್ಕೆ ದಾರಿ ತೋರುವ ಇಂತಹ ದಿನಗಳನ್ನು ಕಾಣಲೆಂದೇ ಈ ಶಾಸ್ತ್ರಕ್ಕೆ ಬರಬೇಕು.

ಜಿಲ್ಲಾ ಕೇಂದ್ರಗಳ, ತಾಲ್ಲೂಕು ಪಟ್ಟಣಗಳ ಕಾಲೇಜುಗಳಲ್ಲಿ ಓದುತ್ತಿರುವ ವಾಚಕರಿಗೆ ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಪ್ರಯೋಗಾತ್ಮಕ ಸಂಶೋಧನೆಗೆ ಬೇಕಾದ ಉಪಕರಣಗಳು ನಿಮ್ಮ ಕಾಲೇಜಿಗೆ ನಾಳೆಯೇ ಬರುತ್ತವೆಂದು ನಾವು ಭರವಸೆ ಕೊಡಲಾರೆವು. ಈ ಶಾಸ್ತ್ರಕ್ಕೆ ಆ ಅಡ್ಡಿಯಿಲ್ಲ. ವಿಯೆನ್ನಾದಲ್ಲಿ ತಯಾರಾಗುವ ‘ವಾಸ್ಪ್’ ಎಂಬ ಪ್ರೋಗ್ರಾಮಿಗೆ ಹಣ ತೆತ್ತು ಪರವಾನಗಿ ಪಡೆಯಬೇಕು, ನಿಜ. ಆದರೆ ಇಟಲಿಯ ಟ್ರೀಸ್ಟ್ ನಗರದಲ್ಲಿ ಬೆಳೆದ ‘ಕ್ವಾಂಟಮ್ ಎಸ್‌ಪ್ರೆಸೊ’ ಎಲ್ಲರಿಗೂ ಉಚಿತ, ಅದರ ಒಳಗನ್ನು ಬಿಚ್ಚಿ ನೋಡಲೂ ಬಹುದು. ಸಿಲಿಕಾನಿನಂತಹ ಸರಳ ಹರಳನ್ನು ಲೆಕ್ಕಹಾಕಲು ಮೇಜಿನ ಮೇಲಿನ ಸಾಮಾನ್ಯ ಗಣಕಯಂತ್ರವೇ ಸಾಕು. ಸಿಲಿಕಾನಿನ ಘನಾಕೃತಿಯ ಅಂಚು 5.43 ಆಂಗ್‌ಸ್ಟ್ರಂ ಎಂದು ಅಳತೆಯಿಂದ ತಿಳಿದಿದೆ. ಹಳೆಯ ಸರಳ ಅಂದಾಜಿನಿಂದ ಲೆಕ್ಕಹಾಕಿದರೆ ಸುಮಾರು 5.40 ಬರುತ್ತದೆ, 1996ರಲ್ಲಿ ಬಂದ, ಈಗ ಹೆಚ್ಚು ಬಳಕೆಯಲ್ಲಿರುವ ಅಂದಾಜಿನಿಂದ ಸುಮಾರು 5.47. ಒಂದು ಕಿರಿದು, ಒಂದು ಹಿರಿದು. ಏಕೆ ಹೀಗೆ ಎಂದು ಒಂದು ವಾರ ತಲೆ ಕೆಡಿಸಿಕೊಂಡ ಬಿ.ಎಸ್‌ಸಿ. ವಿದ್ಯಾರ್ಥಿ, ಮೂರು ಪ್ರಮಾಣಪತ್ರಗಳನ್ನು ಹಿಡಿದು ಬಂದವನಿಗಿಂತ ಸಂಶೋಧನೆಗೆ ಹತ್ತಿರದಲ್ಲಿದ್ದಾನೆ. ಅದೇ ಲೆಕ್ಕದಲ್ಲಿ ಇಲೆಕ್ಟ್ರಾನಿನ ಅಲೆಯನ್ನು ಎಷ್ಟು ಸರಳ ಅಲೆಗಳ ಮೊತ್ತವಾಗಿ ಬರೆಯಬೇಕೆಂಬುದನ್ನು ನೀವೇ ಗೊತ್ತುಮಾಡಬೇಕಾಗುತ್ತದೆ. ಕಡಮೆ ಅಲೆಗಳನ್ನಿಟ್ಟು ನೋಡಿ, ಹೆಚ್ಚಿಸಿ ನೋಡಿ, ಉತ್ತರ ಅಲುಗದೆ ನಿಲ್ಲುವವರೆಗೆ ನೋಡಿ. ಮೊದಲನೆಯ ಸಲ ಬಂದ ಉತ್ತರವನ್ನೂ ಯಂತ್ರ ಅಷ್ಟೇ ವಿಶ್ವಾಸದಿಂದ ಕೊಟ್ಟಿತ್ತೆಂಬುದು ಆಗ ನಿಮ್ಮ ಗಮನಕ್ಕೆ ಬರುತ್ತದೆ. ಇದಕ್ಕೂ ಮೊದಲು, ಒಂದೇ ಸಾಲಿನಲ್ಲಿ ಸ್ಪ್ರಿಂಗುಗಳಿಂದ ಕಟ್ಟಿದ ಪರಮಾಣುಗಳ ಕಂಪನವನ್ನು ಕಾಗದದ ಮೇಲೆ ಕೈಯಿಂದಲೇ ಬಿಡಿಸುವುದು ಒಳ್ಳೆಯದು. ಹೆಲೆನ್ ಸ್ಮಿತ್ ಮಾಡಿದ ಲೆಕ್ಕದ ಅ ಆ ಇ ಈ ಅಲ್ಲಿದೆ.

ಹೊಟ್ಟೆಪಾಡಿನ ಮಾತೂ ಬೇಕಲ್ಲವೆ? ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಶಿಷ್ಯವೇತನಕ್ಕೆ ಆಯ್ಕೆಯಾದ ಕಿರಿಯ ಸಂಶೋಧಕರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗಳೆಂದು ನಿಗದಿಯಾಯಿತು. ಕಂಪನಿಗಳ ಸಂಬಳದೊಡನೆ ಇದನ್ನು ಹೋಲಿಸಿ ನಾವು ಯಾರನ್ನೂ ಮರುಳುಮಾಡಹೊರಟಿಲ್ಲ. ಮನೆಯ ಹೊಣೆ ಹೊತ್ತವರು ಅದನ್ನು ಲೆಕ್ಕಹಾಕಿಯೇ ನಿರ್ಧರಿಸಬೇಕು.

ನಿರ್ಧರಿಸಿ ಸಂದರ್ಶನಕ್ಕೆ ಹೋದಿರಾದರೆ, ಪ್ರಶ್ನೆಗಳನ್ನು ಕೇಳುವ ಹಕ್ಕು ನಿಮಗೂ ಇದೆಯೆಂಬುದನ್ನು ಮರೆಯಬೇಡಿ. ಪ್ರೊಫೆಸರರ ಮುಂದೆ ಬಾಯಿಬಿಡುವುದು ಅವಿನಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿನಯದಿಂದ ಕೇಳಿದ ಪ್ರಶ್ನೆ ಅವಿನಯವಾಗದು. ಮೊದಲ ವರ್ಷದಲ್ಲಿ ಓದಲು ಎಷ್ಟು ಬಿಡುವು ಕೊಡುತ್ತೀರಿ ಎಂದು ಕೇಳಿ. ಯಾವ ಪ್ರಯೋಗಕಾರರೊಡನೆ ನಿಮ್ಮ ಗುಂಪಿಗೆ ಒಡನಾಟವಿದೆ, ಅವರ ಅಳತೆಗಳನ್ನು ನಾನು ನೋಡಬಹುದೇ ಎಂದು ಕೇಳಿ. ಕೊನೆಗೆ, ನಿಮ್ಮ ಗುಂಪಿನ ಲೆಕ್ಕಗಳಲ್ಲಿ ಯಾವ ಅಂಕಿಯನ್ನು ನೀವೇ ಪೂರ್ತಿ ನಂಬುವುದಿಲ್ಲ ಎಂದು ಕೇಳಿ. ಕೆಲವರು ಈ ಪ್ರಶ್ನೆಯಿಂದ ಮುನಿಯಬಹುದು. ಕೆಲವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಸೀಮೆಸುಣ್ಣವನ್ನೆತ್ತಿ, ಅರ್ಧ ಗಂಟೆ ಆ ಅಂಕಿಯ ಕಥೆಯನ್ನೇ ಹೇಳುತ್ತಾರೆ. ಅಂತಹವರಲ್ಲಿ ಸ್ಥಾನ ದೊರೆತರೆ ಪ್ರಕಟಣೆಯಲ್ಲಿ ಯಾವ ಪ್ರೋಗ್ರಾಮಿನ ಹೆಸರಿತ್ತೆಂದು ನೋಡುವ ಅಗತ್ಯವಿಲ್ಲ.